ಬೆಳಕಿಗೆ ಸುಳ್ಳು ಹೇಳಿದ ಕಾಕು

ಕಳೆದ ತಿಂಗಳು ಅಥಣಿ ಕಡೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಬಾಗಿಲ ಸಂದಿಯಲ್ಲಿ ಗೋಣಿಚೀಲ ಮುಚ್ಚಿದ ಒಂದು ಬಕೆಟ್ ಕಂಡಿತು. ಹೊರಗೆ ಬಿಸಿಲು ಸುಡುತ್ತಿತ್ತು, ಆದರೂ ಬಕೆಟ್ಟಿನ ಹೊರಮೈಯೆಲ್ಲ ಬೆವರಿತ್ತು. ಏಳುವಾಗ ಬೇಕೆಂದೇ ಕೈ ತಾಗಿಸಿದೆ. ತಣ್ಣಗೆ ಕೊರೆಯುತ್ತಿತ್ತು. ಯೂರಿಯಾವನ್ನು ನೀರಿನಲ್ಲಿ ಕಲಸಿದವರಿಗೆ ಇದು ಗೊತ್ತಿರುತ್ತದೆ. ಕರಗುವಾಗ ಅದು ನೀರಿನ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ, ಬಕೆಟ್ಟು ಫ್ರಿಜ್ಜಿನಿಂದ ತೆಗೆದಂತಾಗುತ್ತದೆ.

ಆ ರೈತರು ನಾನು ಎಲೆಗಳ ಆರೋಗ್ಯ ಅಳೆಯುವುದು ಮುಂದಿನ ವಾರ ಎಂದು ಅಂದಾಜು ಮಾಡಿದ್ದರು. ಅಷ್ಟರೊಳಗೆ ಎಲೆಗಳಿಗೆ ಯೂರಿಯಾ ನೀರು ಹೊಡೆದು ಹಸಿರು ಮಾಡಿಡುವ ಹುನ್ನಾರ. ನಾನು ಬ್ಯಾಗಿನಿಂದ ಯಂತ್ರ ತೆಗೆದು, ಅಳತೆ ಇವತ್ತೇ ಎಂದೆ. ಅವರು ತಲೆ ಕೆರೆದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಹೊಲದವರೆಗೆ ನಡೆಯುವಾಗ ಆ ತಂಪು ಅಂಗೈಯಲ್ಲೇ ಉಳಿದಿತ್ತು... ಕಾಕು ನೆನಪಾದಳು.

ನನ್ನ ಕೆಲಸ ಏನೆಂದು ಊರಲ್ಲಿ ಕೇಳಿದರೆ 'ಎಲಿಗೆ ಲೈಟ್ ಹೊಡಿಯಾಕಿ' ಎನ್ನುತ್ತಾರೆ. ತಪ್ಪೇನೂ ಅಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸುತ್ತುತ್ತೇನೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ, ಅದರ ಬಾಯಲ್ಲಿ ಎಲೆಯಿಟ್ಟು ಒತ್ತಿದರೆ ಎಲೆಯ ಮೇಲೆ ಬೆಳಕು ಬೀಳುತ್ತದೆ. ಆರೋಗ್ಯದಿಂದಿರುವ ಎಲೆ ಕೆಂಪು ಬೆಳಕನ್ನು ನುಂಗಿ, ಕೆಂಪಿನಾಚೆಗೆ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹೆಚ್ಚು ತಿರುಗಿಸಿ ಕೊಡುತ್ತದೆ. ಮಣ್ಣಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಸೇರಿ ಬೇರಿಗೆ ತೊಂದರೆ ಕೊಡುತ್ತಿದ್ದರೆ ಆ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ನೋಡಿದವರಿಗೆ ಏನೂ ತಿಳಿಯುವುದಿಲ್ಲ, ಬೆಳಕಿಗೆ ತಿಳಿಯುತ್ತದೆ. ನಮ್ಮ ಸರ್ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು. ಎಲೆ ಸಂಕಟದಲ್ಲಿದೆ ಎಂದಷ್ಟೇ ಬೆಳಕು ಹೇಳುತ್ತದೆ, ಸಂಕಟ ಯಾರಿಂದ ಎಂದು ಹೇಳುವುದಿಲ್ಲ. ಅದಕ್ಕೆ ಮಣ್ಣು, ಎಲೆ ಲ್ಯಾಬಿಗೆ ಹೋಗಬೇಕು.

ಹತ್ತು ವರ್ಷದ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಆ ಸರ್ ಅವರ ಕೈಕೆಳಗೆ ಆಗತಾನೆ ಕೆಲಸಕ್ಕೆ ಸೇರಿದ್ದೆ. ನಮ್ಮ ಊರು ರಾಯಬಾಗ ತಾಲೂಕಿನದು, ಕುಡಚಿಗೆ ಹತ್ತಿರ. ಊರಿಗೆ ಮೊದಲ ನೌಕರಿಯ ಹುಡುಗಿ ನಾನೇ ಎಂಬಂತೆ ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ಓಡಾಡುತ್ತಿದ್ದೆ. ಕಾಕು ನಮ್ಮ ಬಾಜೂ ಮನೆಯಾಕೆ. ಕಾಕು ಎಂದರೆ ಚಿಕ್ಕಪ್ಪನ ಹೆಂಡತಿ. ಅಪ್ಪನಿಗೆ ತಮ್ಮಂದಿರಿಲ್ಲ, ಹಾಗಾಗಿ ಸಂಬಂಧದ ಕಾಕು ಅಲ್ಲ. ನಮ್ಮದು ಎಮ್ಮೆ ಕುರಿ ಕಟ್ಟಿದ ಮನೆ, ಅವರದು ಹುಣ್ಣಿಮೆಗೆ ಬುದ್ಧ ವಿಹಾರಕ್ಕೆ ಹೋಗಿ ವಂದನೆ ಹೇಳುವ ಮನೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಈಚೆಗೆ ಮೆಂತೆ ಪಲ್ಲೆ, ಆಚೆಗೆ ಮಜ್ಜಿಗೆ. ನಾನು ಹುಟ್ಟುವ ಮೊದಲಿನಿಂದ ನಡೆದು ಬಂದ ವ್ಯವಹಾರ ಅದು.

ಹಳ್ಳದ ದಂಡೆಯಲ್ಲಿ ಕಾಕುವಿನದು ಹನ್ನೆರಡು ಗುಂಟೆ ಹೊಲ. ಆಕೆಯ ಮಾವ ಆಯುಷ್ಯವೆಲ್ಲ ಬೇರೆಯವರ ಹೊಲದಲ್ಲಿ ದುಡಿದು, ಮನೆತನದಲ್ಲೇ ಮೊದಲ ಬಾರಿಗೆ ತಮ್ಮ ಹೆಸರಿಗೆ ಮಾಡಿಕೊಂಡ ನೆಲ. ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು, ನಡುವೆ ಈಕೆಯ ಮೆಂತೆ, ಕೊತ್ತಂಬರಿ, ರಾಜಗಿರಿ ಸೊಪ್ಪು. ಕಬ್ಬು ಹಚ್ಚಿ ಆರಾಮ ಕೂತುಕೋ ಎಂದು ಹೇಳಿದವರಿಗೆ ಲೆಕ್ಕವಿಲ್ಲ. ಕಬ್ಬು ವರ್ಷಕ್ಕೊಮ್ಮೆ ಮಾತಾಡುತ್ತದೆ, ಪಲ್ಲೆ ದಿನಾಲೂ ಮಾತಾಡುತ್ತದೆ ಎನ್ನುತ್ತಿದ್ದಳು. ನಿಪ್ಪಾಣಿ ತಂಬಾಕನ್ನು ಸುಟ್ಟು ಪುಡಿ ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಚಟ. ಬೆಳಿಗ್ಗೆ ಬಲಗೈ ತೋರುಬೆರಳು ಯಾವಾಗಲೂ ಕಪ್ಪು. ಅದೇ ಬೆರಳನ್ನು ಎತ್ತಿ ಹಿಡಿದು ಊರಿನ ಅರ್ಧ ಗಂಡಸರ ಬಾಯಿ ಮುಚ್ಚಿಸಿದ್ದನ್ನು ನೋಡಿದ್ದೇನೆ. ಕುಡಚಿ ಸಂತೆಯಲ್ಲಿ ಆಕೆಯ ಜಾಗ ಕಾಯಂ. ಅಲ್ಲಿನ ಮುಸ್ಲಿಂ ಹೆಂಗಸರು 'ಮೇಥೀವಾಲಿ ಖಾಲಾ' ಎಂದು ಹುಡುಕಿಕೊಂಡು ಬರುತ್ತಿದ್ದರು. ಆಕೆಯ ಮೆಂತೆ ಪೆಂಡಿಯಲ್ಲಿ ಒಂದು ಹಳದಿ ಎಲೆ ಸಿಕ್ಕರೆ ಆ ಪೆಂಡಿ ಫುಕಟ್ ಎಂಬುದು ಆಕೆಯೇ ಹಾಕಿಕೊಂಡ ಕಾನೂನು.

ಹಳ್ಳದ ಮೇಲ್ಗಡೆ, ಆಕೆಯ ಹೊಲದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಪತ್ರಾಸ್ ತಗಡಿನ ಶೆಡ್ ಎದ್ದಿತ್ತು. ಗಾಡಿಗಳ ಹಳೆಯ ಬ್ಯಾಟರಿ ಒಡೆದು ಅದರೊಳಗಿನ ಸೀಸ ಕರಗಿಸುವ ಶೆಡ್. ಒಡೆದ ಬ್ಯಾಟರಿಯ ಹುಳಿನೀರು, ತೊಳೆದ ನೀರು, ಎಲ್ಲ ಹಳ್ಳಕ್ಕೇ. ದಂಡೆಯಲ್ಲಿ ಪಲ್ಲೆ ಬೆಳೆಯುವ ಐದಾರು ಮನೆಯವರು ಪಂಚಾಯತಿಗೆ ಹೇಳಿದರು. ಶೆಡ್ಡಿನ ಮಾಲಕರು ಊರಿನ ದೊಡ್ಡವರು, ಶಾಲೆಗೆ ಗಡಿಯಾರ, ಗುಡಿಗೆ ಫ್ಯಾನು ಕೊಟ್ಟವರು. ನೋಡೋಣ ಎಂದರು ಪಂಚಾಯತಿಯವರು. ಅವರು ನೋಡುತ್ತಿರುವಾಗಲೇ ನಮ್ಮ ಸರ್ ಅವರ ಅಳತೆಯ ಪಟ್ಟಿಯಲ್ಲಿ ನಮ್ಮೂರಿನ ಹಳ್ಳವೂ ಸೇರಿತು. ಸೇರಿಸಿದವಳು ನಾನೇ.

ಇಲ್ಲಿಯವರೆಗೆ ನಾನು ಒಳ್ಳೆಯವಳು. ಮುಂದಿನದನ್ನೂ ಬರೆಯುತ್ತೇನೆ.

ಅಳತೆಗೆ ಹೋಗುವ ದಿನವನ್ನು ಹೊಲದವರಿಗೆ ಮೊದಲೇ ಹೇಳಬಾರದು. ಕೆಲಸಕ್ಕೆ ಸೇರಿದ ದಿನವೇ ಸರ್ ಇದನ್ನು ಎರಡು ಸಲ ಹೇಳಿದ್ದರು. ಆದರೆ ನನ್ನ ಊರಿಗೆ, ನನ್ನ ಕಾಕುವಿನ ಹೊಲಕ್ಕೆ ನನ್ನ ಸಾಹೇಬರು ಜೀಪಿನಲ್ಲಿ ಬರುತ್ತಿದ್ದಾರೆ. ಹೊಟ್ಟೆಯಲ್ಲಿ ಉಳಿಯುತ್ತದೆಯೇ? ಕಿಂಡಿಯಲ್ಲಿ ಮಜ್ಜಿಗೆ ತಂಬಿಗೆ ದಾಟಿಸುವಾಗ, ಮುಂದಿನ ಸೋಮವಾರ ಬರುತ್ತಾರೆ, ಹೊಲ ಜರಾ ನೀಟಾಗಿರಲಿ ಕಾಕು, ಎಂದುಬಿಟ್ಟೆ. ನೀಟಾಗಿರಲಿ ಎಂದರೆ ಬದುವಿನ ಮೇಲಿನ ಕಸ ತೆಗೆಸಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿ.

ಕಾಕುವಿಗೆ ಅಷ್ಟು ಸಾಲದು. ನಮ್ಮ ಕಡೆ ಕನ್ಯೆ ನೋಡಲು ಬರುವವರಿದ್ದರೆ ಮನೆಗೆ ಸುಣ್ಣ ಬಳಿಯುತ್ತಾರೆ, ಹುಡುಗಿಯ ಮುಖಕ್ಕೆ ಎಂಟು ದಿನ ಮೊದಲಿನಿಂದ ಅರಿಸಿನ ಕೆನೆ ಹಚ್ಚುತ್ತಾರೆ, ಬಾಜೂ ಮನೆಯಿಂದ ಸ್ಟೀಲಿನ ಲೋಟ ತರುತ್ತಾರೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಬಂದವರಿಗೆ ಕೊಡುವ ಮರ್ಯಾದೆ ಅದು. ಕಾಕು ತನ್ನ ಹೊಲಕ್ಕೂ ಅದನ್ನೇ ಮಾಡಿದಳು. ಬಕೆಟ್ಟಿನಲ್ಲಿ ಯೂರಿಯಾ ಕಲಸಿ, ಪಂಪು ಬೆನ್ನಿಗೆ ಹಾಕಿಕೊಂಡು ಎಲೆಗಳಿಗೆ ಹೊಡೆದಳು. ಎರಡು ದಿನ ಬಿಟ್ಟು ಮತ್ತೊಮ್ಮೆ ಹೊಡೆದಳು. ಹಳದಿ ತಿರುಗಿದ ಗಿಡಗಳನ್ನು ಒಂದೊಂದಾಗಿ ಕಿತ್ತಳು. ಭಾನುವಾರ ಸೊಸೆಯನ್ನೂ ಕರೆದುಕೊಂಡು ಹೋಗಿ, ಬೋರಿನ ನೀರು ಹೊತ್ತು ತಂದು ಮಡಿಯ ಎಲೆಗಳನ್ನೆಲ್ಲ ತೊಳೆದಳು.

ಸೋಮವಾರ ಸರ್ ಬಂದರು. ಮೆಂತೆ ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು. ಕಾಕು ಎಲೆ ಹಿಡಿದುಕೊಡಲು ಮುಂದೆ ಬಂದಾಗ ಸರ್ ಆಕೆಯ ಕಪ್ಪು ಬೆರಳು ನೋಡಿ, ತಂಬಾಕಿನ ಗಿಡ ಮಣ್ಣಿನಲ್ಲಿರುವ ಲೋಹವನ್ನು ಬಹಳ ಎಳೆಯುತ್ತದೆ, ಇದನ್ನು ಬಿಡಿ ಎಂದು ಬುದ್ಧಿ ಹೇಳಿದರು. ನನ್ನ ಹಲ್ಲಿನ ಸುದ್ದಿ ಬೇಡ, ಎಲೆಯ ಸುದ್ದಿ ನೋಡಿ ಎಂದು ಕಾಕು ತಿರುಗಿಸಿ ಕೊಟ್ಟಳು. ಸರ್ ಜೋರಾಗಿ ನಕ್ಕರು. ನಾನು ಎಲೆ ಮೇಲೆ ಎಲೆ ಒತ್ತುತ್ತ ಅಂಕಿ ಬರೆದುಕೊಂಡೆ. ಊರ ಮೇಲ್ಗಡೆ, ಬೋರಿನ ನೀರು ಕುಡಿಯುವ ಹೊಲಗಳ ಅಂಕಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಎಲೆಗೆ ಯೂರಿಯಾ ಸಿಕ್ಕರೆ ಹಸಿರು ಏರುತ್ತದೆ, ಹಸಿರು ಏರಿದರೆ ಬೆಳಕಿನ ಲೆಕ್ಕವೂ ಸರಿಹೋದಂತೆ ಕಾಣುತ್ತದೆ. ಬೆಳಕಿಗೆ ಸಂಶಯ ಬಂದ ಕಡೆ ಮಾತ್ರ ಮಣ್ಣು ತೆಗೆಯುವುದು ನಮ್ಮ ಕ್ರಮ. ಸಂಶಯ ಬರಲಿಲ್ಲ, ಮಣ್ಣು ತೆಗೆಯಲಿಲ್ಲ. ಹಳ್ಳದ ದಂಡೆಯ ಬೆಳೆಯಲ್ಲಿ ಯಾವ ಒತ್ತಡವೂ ಕಾಣಲಿಲ್ಲ ಎಂದು ಒಂದು ಹಾಳೆ ಪಂಚಾಯತಿಗೆ ಹೋಯಿತು.

ಅದಾದ ಮೇಲಿನ ಗ್ರಾಮಸಭೆಯಲ್ಲಿ ಶೆಡ್ಡಿನ ಮಾಲಕರು ಆ ಹಾಳೆಯನ್ನು ಎತ್ತಿ ಹಿಡಿದರು. ಅವರಿಗೆ ಖುಷಿಯಾದರೆ ಮರಾಠಿ ಬರುತ್ತದೆ. "ಝಾಲ, ಸಂಪಲ" ಎಂದರು, ಆಯಿತು, ಮುಗಿಯಿತು ಎಂದು. ಯಂತ್ರವೇ ಹೇಳಿದ ಮೇಲೆ ಇನ್ನು ಯಾರ ಮಾತೂ ಬೇಡ ಎಂದರು. ಹಳ್ಳದ ದಂಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಕಾಕುವೂ ಅಲ್ಲೇ ಇದ್ದಳು. ಜೀವಮಾನದಲ್ಲಿ ಮೊದಲ ಸಲ ಆಕೆ ಏನೂ ಮಾತಾಡದೆ ಸಭೆಯಿಂದ ಎದ್ದು ಹೋದದ್ದನ್ನು ನೋಡಿದೆ.

ಮರುದಿನ ಬೆಳಿಗ್ಗೆ ಕಿಂಡಿಯ ಹತ್ತಿರ ನಿಂತು ನನ್ನನ್ನು ಕರೆದಳು. ಮಿಶ್ರಿ ಹಚ್ಚಿರಲಿಲ್ಲ, ಬೆರಳು ಬೆಳ್ಳಗಿತ್ತು. ಬಕೆಟ್ಟು, ಪಂಪು, ತೊಳೆದದ್ದು ಎಲ್ಲವನ್ನೂ ಹೇಳಿದಳು. ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಹಳ್ಳವೂ ಅಲ್ಲ, ಪಲ್ಲೆಯೂ ಅಲ್ಲ, ನನ್ನ ಐಡಿ ಕಾರ್ಡು. ದಿನ ಹೇಳಿದ್ದು ಗೊತ್ತಾದರೆ ಸರ್ ನನ್ನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಅಳಲು ಶುರುಮಾಡಿದೆ.

"ಯಾಕ ಅಳತಿ ಪೋರಿ," ಎಂದಳು ಕಾಕು. "ಯೂರಿಯಾ ಹೊಡದಾಕಿ ನಾ. ಅದನ್ನ ನಿಮ್ಮ ಸಾಹೇಬರಿಗೆ ಹೇಳು. ನೀ ಅವರು ಬರೂ ದಿನಾ ಹೇಳಿದ್ದು ಮಾತ್ರ ನನ್ನ ಹೊಟ್ಟ್ಯಾಗ ಇರಲಿ. ಆ ಮಶೀನ್ ಹಿಡಿಯಾಕ ನಮ್ಮ ಕಡಿಯಾಕಿ ಒಬ್ಬಾಕಿ ಇರಬೇಕು, ಇಲ್ಲಂದ್ರ ನಾಳೆ ನಮ್ಮ ಹಳ್ಳಾ ಯಾರ ನೋಡತಾರ?"

ಸರ್ ಅವರಿಗೆ ಹೇಳಿದೆ. ನಾವು ಬರುವ ದಿನ ಆಕೆಗೆ ಹೇಗೆ ತಿಳಿಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ಸುಳ್ಳು ನನ್ನದು.

ಮತ್ತೆ ಅಳೆಯುವುದೆಂದು ಠರಾಯಿತು. ಈ ಸಲ ಯೋಚನೆ ಕಾಕುವಿನದು. ಹಳ್ಳದ ದಂಡೆಯ ತನ್ನ ಹೊಲದಲ್ಲಿ ಎರಡು ಮಡಿ, ಊರ ಮೇಲ್ಗಡೆ ನಮ್ಮ ಅಪ್ಪನ ಹೊಲದಲ್ಲಿ ಎರಡು ಮಡಿ. ಒಂದೇ ಚೀಲದ ಮೆಂತೆ ಬೀಜ, ಒಂದೇ ದಿನ ಬಿತ್ತನೆ, ಎರಡೂ ಕಡೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಇಲ್ಲಿ ಹಳ್ಳದ ನೀರು, ಅಲ್ಲಿ ಬೋರಿನ ನೀರು. ಅಪ್ಪ ಒಪ್ಪಿದರು, ಎಮ್ಮೆ ನುಗ್ಗದಂತೆ ಮುಳ್ಳು ಬೇಲಿ ಹಾಕಿಕೊಟ್ಟರು. ಕಾಕು ದಿನವೂ ಎರಡೂ ಕಡೆ ಹೋಗಿ ಬರುತ್ತಿದ್ದಳು, ಯಾವುದನ್ನೂ ಮುಟ್ಟುತ್ತಿರಲಿಲ್ಲ. ಇಪ್ಪತ್ತು ದಿನ ಕಳೆದಾಗ ನನ್ನ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಎರಡೂ ಕಡೆಯ ಮೆಂತೆ ಒಂದೇ ಎತ್ತರ, ಒಂದೇ ಹಸಿರು. ಎರಡೂ ಒಂದೇ ಇವೆಯಲ್ಲ, ಅಲ್ಲವೇ ಎಂದು ಕೇಳಿದಳು. ಆ ಧ್ವನಿ ಇನ್ನೂ ಕಿವಿಯಲ್ಲಿದೆ... ಇಷ್ಟು ವರ್ಷ ಕುಡಚಿಯ ಮನೆಮನೆಗೆ ತಿನ್ನಿಸಿದ ಪಲ್ಲೆ ಒಳ್ಳೆಯದೇ ಇರಲಿ ಎಂದು ಆಕೆ ಎಷ್ಟು ಆಸೆಪಟ್ಟಿದ್ದಳು.

ಸರ್ ಹೇಳದೆ ಕೇಳದೆ ಬಂದರು. ನನಗೂ ಆ ಬೆಳಿಗ್ಗೆ ಗೊತ್ತಾದದ್ದು. ಮೇಲಿನ ಹೊಲದ ಎಲೆಗಳ ಅಂಕಿ ಒಂದು ಕಡೆ, ಹಳ್ಳದ ದಂಡೆಯ ಅಂಕಿ ಇನ್ನೊಂದು ಕಡೆ. ನಡುವಿನ ಅಂತರ ಪ್ರತಿ ಎಲೆಯಲ್ಲೂ ಹಾಗೆಯೇ ಬಂತು. ಕಾಕು ನನ್ನ ಹೆಗಲ ಮೇಲಿಂದ ಯಂತ್ರದ ಪರದೆ ನೋಡುತ್ತಿದ್ದಳು. ಅಂಕಿ ಓದಲು ಬರುತ್ತಿರಲಿಲ್ಲ, ನನ್ನ ಮುಖ ಓದಿದಳು. ಸರ್ ಮಣ್ಣು, ನೀರು, ಎಲೆ ಚೀಲಕ್ಕೆ ತುಂಬಿಕೊಂಡು ಹೋದರು. ಲ್ಯಾಬಿನಿಂದ ಉತ್ತರ ಬಂತು. ಸೀಸ. ಮಣ್ಣಿನಲ್ಲೂ ಇತ್ತು, ಎಲೆಯಲ್ಲೂ ಇತ್ತು, ತಿನ್ನುವ ಪದಾರ್ಥದಲ್ಲಿ ಇರಬಾರದಷ್ಟು ಇತ್ತು.

ಆ ವಾರದ ಕುಡಚಿ ಸಂತೆಯ ದಿನ ಕಾಕು ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಸೊಸೆ ತಡೆದಳು, ನಾನೂ ತಡೆದೆ. ಪಲ್ಲೆಯಿಲ್ಲದೆ ಸಂತೆಗೆ ಯಾಕೆ? ತಿಂದವರಿಗೆ ಹೇಳಬೇಕು ಎಂದಳು. ನಾನು ಜೊತೆಗೆ ಹೋದೆ. ತನ್ನ ಕಾಯಂ ಜಾಗದಲ್ಲಿ ಗೋಣಿತಟ್ಟು ಹಾಸಿ, ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೂತಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಿಗೂ ಅದೇ ಮಾತು. ಹೊಲದಲ್ಲಿ ಸೀಸ ಸೇರಿದೆ, ನನಗೆ ಗೊತ್ತಿರಲಿಲ್ಲ, ನಿಮಗೆ ತಿನ್ನಿಸಿದ್ದೇನೆ, ಮಕ್ಕಳಿದ್ದರೆ ಡಾಕ್ಟರಿಗೆ ತೋರಿಸಿ. ಒಬ್ಬಾಕೆ ಬಾಯಿಗೆ ಬಂದಂತೆ ಬೈದಳು. ಕಾಕು ತಲೆ ತಗ್ಗಿಸಲಿಲ್ಲ, ಬೈಗುಳ ಮುಗಿಯುವವರೆಗೆ ಆಕೆಯ ಮುಖವನ್ನೇ ನೋಡುತ್ತ ಕೂತಳು. ವಯಸ್ಸಾದ ಬೀಬಿಯೊಬ್ಬರು ಮಾತ್ರ ಪಕ್ಕದಲ್ಲಿ ಕೂತು, ತಮ್ಮ ಚೀಲದಿಂದ ಎಲೆ ಅಡಿಕೆ ತೆಗೆದು ಕೊಟ್ಟರು. ಸಂತೆ ಕರಗುವವರೆಗೆ ಕೂತಿದ್ದೆವು. ಇಷ್ಟು ಮಂದಿಗೆ ಹೇಳಿದ ಬಾಯಿ ಆಕೆಯದು. ನನ್ನದು ಒಂದು ಸಲವೂ ತೆರೆಯಲಿಲ್ಲ.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಮಾಲಕರಿಗಿಂತ ಹೆಚ್ಚು ಸಿಟ್ಟಾದವರು ಹಳ್ಳದ ದಂಡೆಯ ಇತರರು. ಎಲ್ಲರ ಪಲ್ಲೆಯ ವ್ಯಾಪಾರವೂ ಬಿದ್ದುಹೋಯಿತು, ನೀನೊಬ್ಬಳು ಹರಿಶ್ಚಂದ್ರನ ಮೊಮ್ಮಗಳು, ಎಂದು ಮನೆಯ ಮುಂದೆ ನಿಂತು ಕೂಗಾಡಿದರು. ಅವರ ಹೊಟ್ಟೆಪಾಡು ಅವರಿಗೆ. ಕಾಕು ಒಳಗಿನಿಂದ ನೀರು ತಂದುಕೊಟ್ಟು, ಕೂಗಿ ಗಂಟಲು ಒಣಗಿರಬೇಕು ಕುಡಿಯಿರಿ ಎಂದಳು. ಇಬ್ಬರು ಕುಡಿದರು.

ಎರಡನೇ ಗ್ರಾಮಸಭೆಯಲ್ಲಿ ಎರಡು ಹಾಳೆಗಳು ಎದುರುಬದುರಾದವು. ಮಾಲಕರು ಜಾಣರು. ಒಮ್ಮೆ ಇಲ್ಲ ಎನ್ನುತ್ತದೆ, ಒಮ್ಮೆ ಇದೆ ಎನ್ನುತ್ತದೆ, ಇಂಥ ಯಂತ್ರವನ್ನು, ಅದರ ಬೆನ್ನಿಗೆ ಬಂದ ಲ್ಯಾಬನ್ನು ನಂಬಿ ನಾಲ್ಕು ಜನರ ಕೆಲಸ ನಿಲ್ಲಿಸುತ್ತೀರಾ ಎಂದರು. ಜನ ತಲೆದೂಗಿದರು. ಯಾರೋ ಒಬ್ಬ ಹುಡುಗ ಹಿಂದಿನಿಂದ, ಆ ಮೆಂತೆಯನ್ನೇ ಅವರ ಮನೆಗೆ ಕಳಿಸು ಕಾಕು, ತಿಂದು ತೋರಿಸಲಿ ಎಂದ. ಕಾಕು ಅವನತ್ತ ತಿರುಗಿದಳು. ವಿಷ ಎಂದು ಗೊತ್ತಾದ ಮೇಲೆ ವೈರಿಯ ತಾಟಿಗೂ ಬಡಿಸುವುದಿಲ್ಲ ಎಂದು ಅವನನ್ನು ಕೂಡಿಸಿ, ಎದ್ದು ನಡುವೆ ಬಂದು ನಿಂತಳು.

"ಮಶೀನ್ ಸುಳ್ಳ ಹೇಳಿಲ್ರಿ. ಸಾಹೇಬರೂ ಹೇಳಿಲ್ಲ. ಸುಳ್ಳ ಹೇಳಿದಾಕಿ ನಾ. ಎಲಿಗೆ ಯೂರಿಯಾ ಹೊಡದು, ತೊಳದು, ಹಸರು ಮಾಡಿ ತೋರಿಸೇನಿ. ಮೊದಲನೇ ಕಾಗದಾ ನನ್ನ ಸುಳ್ಳಿಂದು. ಎರಡನೇದು ಖರೇದು."

ಮಾಲಕರು ಒಂದೇ ಪ್ರಶ್ನೆ ಕೇಳಿದರು. ಸಾಹೇಬರು ಬರುವ ದಿನ ನಿನಗೆ ಹೇಗೆ ಗೊತ್ತಾಯಿತು? ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದೆ. ಕಾಕು ನನ್ನ ಕಡೆ ಕಣ್ಣು ಸಹ ಹೊರಳಿಸಲಿಲ್ಲ.

"ಎಂಟ ದಿನಾ ಮೊದಲ ಮಾಳಿಗಿ ಮ್ಯಾಲ ಕಾಗಿ ಕೂಗಿತ್ರಿ," ಎಂದಳು. "ನೆಂಟರು ಬರತಾರಂತ ಗೊತ್ತಾತು."

ಎಲ್ಲರೂ ನಕ್ಕರು. ನಗುವಿನಲ್ಲಿ ಆ ಪ್ರಶ್ನೆ ಮುಳುಗಿಹೋಯಿತು. ನಾನೂ ನಕ್ಕೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಶೆಡ್ಡಿಗೆ ಬೀಗ ಬಿತ್ತು. ಅಧಿಕಾರಿಗಳು ಬಂದು, ನೋಡಿ, ಬರೆದುಕೊಂಡು ಹೋಗಲು ಒಂದು ಮಳೆಗಾಲ ಹಿಡಿಯಿತು, ಆದರೂ ಬಿತ್ತು. ಹಳ್ಳ ತಿಳಿಯಾಯಿತು, ಮಣ್ಣು ಆಗಲಿಲ್ಲ. ಸೀಸ ಒಮ್ಮೆ ಮಣ್ಣಿಗೆ ಸೇರಿದರೆ ಮನೆ ಅಳಿಯನ ಹಾಗೆ, ಸುಲಭಕ್ಕೆ ಜಾಗ ಬಿಡುವುದಿಲ್ಲ. ತಿನ್ನುವ ಬೆಳೆ ಬೇಡ, ಹೂವು ಬೆಳೆಯಿರಿ ಎಂದು ಸರ್ ಹೇಳಿದರು. ಮಾಲಕರು ಆಳು ಕಳಿಸಿ, ಹೇಗೂ ಪಲ್ಲೆಗೆ ಬಾರದ ನೆಲ, ನಮಗೇ ಕೊಟ್ಟುಬಿಡಲಿ ಎಂದು ಹೇಳಿಸಿದರು. ಕಾಕು ಆ ಆಳಿಗೆ ಚಹಾ ಕುಡಿಸಿ, ಹೊಲದ ಬದುವಿನವರೆಗೆ ನಡೆಸಿಕೊಂಡು ಹೋಗಿ, ಇಲ್ಲಿಂದ ಅಲ್ಲಿವರೆಗೆ ನನ್ನದು ಎಂದು ಗಡಿ ತೋರಿಸಿ ಕಳಿಸಿದಳು. ಉತ್ತರ ಅಷ್ಟೇ. ಆ ವರ್ಷ ಹನ್ನೆರಡು ಗುಂಟೆಗೂ ಚೆಂಡುಹೂವಿನ ಸಸಿ ಹಚ್ಚಿದಳು. ಹೂವಿನ ಆದಾಯ ಸಾಲದೆ ಅರವತ್ತರ ವಯಸ್ಸಿನಲ್ಲಿ ಬೇರೆಯವರ ಕಬ್ಬಿನಲ್ಲಿ ಕಸ ತೆಗೆಯಲು ಹೋದಳು. ಮಾವ ಬಿಟ್ಟುಬಂದಿದ್ದ ಕೂಲಿಗೆ ಕಾಕು ಮರಳಿ ಹೋದಳಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಆಕೆಗೆ ಆಗುತ್ತಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಕೊನೆಕೊನೆಗೆ ಮೂತ್ರಪಿಂಡ ಕೆಟ್ಟಿತ್ತು. ಮೊದಲಿನ ಸೀಸವೇ ಕಾರಣ ಎಂದು ಊರವರು ಹೇಳುತ್ತಾರೆ. ನಾನು ಹೇಳುವುದಿಲ್ಲ, ಅಳೆದು ನೋಡದ್ದನ್ನು ಹೇಳುವ ಹಕ್ಕು ನನಗಿಲ್ಲ. ಹಾಗೆಂದು ಸೀಸ ಕಾರಣವಲ್ಲ ಎನ್ನುವವರ ಜೊತೆಗೂ ನಾನಿಲ್ಲ. ಅವರೂ ಅಳೆದು ನೋಡಿಲ್ಲ.

ಆ ಬಕೆಟ್ ಕಂಡ ಮೇಲೆ ಹದಿನೈದು ದಿನವೂ ಆಗಿರಲಿಲ್ಲ, ನಮ್ಮೂರಿನಲ್ಲಿ ಮತ್ತೆ ಗ್ರಾಮಸಭೆ ಸೇರಿತು. ಮಾಲಕರ ಕೂದಲು ಪೂರ್ತಿ ಬೆಳ್ಳಗಾಗಿದೆ, ಆಸೆಗೆ ಇನ್ನೂ ನೆರೆ ಬಂದಿಲ್ಲ. ಶೆಡ್ ಮತ್ತೆ ತೆರೆಯಲು ಅರ್ಜಿ ಹಾಕಿದ್ದರು. ಕೈಯಲ್ಲಿ ಅದೇ ಮೊದಲನೇ ಹಾಳೆ, ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಈ ಸಲ ಅವರ ವಾದ ಹೊಸದು. ಸಾಹೇಬರು ಬರುವ ದಿನ ಗೊತ್ತಿಲ್ಲದೆ ಯಾರ ಎಲೆಗಾದರೂ ಯೂರಿಯಾ ಹೊಡೆಯಲು ಆಗುತ್ತದೆಯೇ? ಕಾಗೆ ಹೇಳಿತು ಎನ್ನುವ ಮುದುಕಿಯ ಮಾತು ನಂಬಿ ನನ್ನ ಶೆಡ್ಡಿಗೆ ಬೀಗ ಹಾಕಿದಿರಿ. ಆಕೆ ಹೊಡೆದೇ ಇಲ್ಲ. ಯಾರೋ ಕಲಿಸಿಕೊಟ್ಟದ್ದನ್ನು ಹೇಳಿದಳು, ಸುಳ್ಳಿ. ಮೊದಲನೇ ಹಾಳೆಯೇ ಖರೆ, ಲ್ಯಾಬಿನಲ್ಲಿ ಸಿಕ್ಕ ಸೀಸ ಆಮೇಲೆ ಯಾರೋ ತಂದು ಸುರಿದದ್ದು.

ಜನ ಗುಸುಗುಸು ಮಾತಾಡತೊಡಗಿದರು. ವಿಚಾರ ಮಾಡಬೇಕಾದ್ದೇ ಎಂದು ಯಾರೋ ಅಂದರು. ಕಾಕುವಿನ ಸೊಸೆ ಹೆಂಗಸರ ಸಾಲಿನಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಅತ್ತೆಗೆ ದಿನ ಹೇಳಿದವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಒಬ್ಬಳು ಸತ್ತುಹೋಗಿದ್ದಳು. ಇನ್ನೊಬ್ಬಳು ನಾನು. ಕಾಕುವಿನ ಮಾತಿನಲ್ಲಿ ಇದ್ದದ್ದು ಒಂದೇ ತೂತು, ಅದು ನನ್ನನ್ನು ಮುಚ್ಚಿಡಲು ಆಕೆ ಬೇಕೆಂದೇ ಬಿಟ್ಟದ್ದು. ಆ ತೂತಿನಲ್ಲೇ ಈಗ ಶೆಡ್ಡಿನ ಬಾಗಿಲು ತೆರೆಯುತ್ತಿದ್ದರು.

ಎದ್ದು ನಿಂತೆ.

"ಸಾಹೇಬರು ಬರೂ ದಿನಾ ನಾ ಹೇಳಿದ್ದೆ. ಹೇಳಬಾರದಂತ ಗೊತ್ತಿದ್ದೂ ಹೇಳಿದ್ದೆ. ಕಾಕು ನನ್ನ ನೌಕರಿ ಉಳಸಾಕ ಅಂತ ನನ್ನ ಹೆಸರ ತಗೊಳ್ಳಲಿಲ್ಲ. ಪಿಡಿಒ ಸಾಹೇಬ್ರ, ಇದನ್ನ ಬರಕೋರಿ. ನಾ ಸಹಿ ಮಾಡತೇನಿ."

ಪಿಡಿಒ ಪೆನ್ನು ಹಿಡಿದು ನನ್ನನ್ನೇ ನೋಡಿದರು. ನೌಕರಿಗೆ ತ್ರಾಸಾಗಬಹುದು ಮೇಡಂ ಎಂದರು ಸಣ್ಣ ದನಿಯಲ್ಲಿ. ಬರೆದುಕೊಳ್ಳಿ ಎಂದೆ. ಮಾಲಕರು ಬಿಡಲಿಲ್ಲ, ಹಾಗಾದರೆ ನೀನೂ ಕಳ್ಳಿಯೇ ಆದೆ, ನಿನ್ನ ಬೆಳಕನ್ನು ಇನ್ನು ಯಾರು ನಂಬಬೇಕು ಎಂದರು. ಅದು ನ್ಯಾಯವಾದ ಮಾತೇ. ನನ್ನನ್ನು ನಂಬಬೇಡಿ, ಎಂದೆ. ಯಂತ್ರ ನೀವೇ ಹಿಡಿಯಿರಿ, ಎಲೆ ನೀವೇ ಆರಿಸಿ, ಮಣ್ಣು ನೀವೇ ಚೀಲಕ್ಕೆ ತುಂಬಿ, ಸೀಲು ಸಭೆಯವರು ಹಾಕಲಿ. ಯಾವ ದಿನ ಎಂದು ಮಾತ್ರ ಈ ಸಲ ಯಾರಿಗೂ ಹೇಳುವುದಿಲ್ಲ.

ಅರ್ಜಿ ಮುಂದಿನ ಸಭೆಗೆ ಹೋಗಿದೆ, ಬಿದ್ದಿಲ್ಲ. ಮಾಲಕರು ಸುಮ್ಮನೆ ಕೂರುವವರಲ್ಲ, ನಾನೂ ಅಲ್ಲ. ಆಫೀಸಿನಿಂದ ಲಿಖಿತ ಉತ್ತರ ಕೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟಿದ್ದೇನೆ, ಕ್ಷಮೆ ಎಂಬ ಶಬ್ದ ಒಂದು ಸಲ ಮಾತ್ರ ಹಾಕಿದ್ದೇನೆ, ಅದೂ ಕಾಕುವಿನ ಹೆಸರಿನ ಮುಂದೆ. ತೆಗೆದುಹಾಕಿದರೆ ಹಾಕಲಿ. ಎಲೆ ನೋಡಲು ಕಲಿತ ಬುದ್ಧಿಯನ್ನು ಯಾರೂ ವಾಪಸು ಪಡೆಯಲಾರರು.

ಸಭೆ ಮುಗಿದ ಮೇಲೆ ಸೊಸೆ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅತ್ತೆಗೆ ಇದು ಗೊತ್ತಿದ್ದೂ ಕಡೆಯವರೆಗೆ ನಿನ್ನ ಮನೆಯ ಮಜ್ಜಿಗೆ ಕುಡಿದಳಲ್ಲ ಎಂದಷ್ಟೇ ಅಂದು ಮನೆಯ ದಾರಿ ಹಿಡಿದಳು. ನಾನು ಅಲ್ಲೇ ಪಂಚಾಯತಿಯ ಕಟ್ಟೆಯ ಮೇಲೆ ಕೂತೆ. ಈಗ ಎದ್ದು ನಿಂತದ್ದಕ್ಕೆ ನಾಲ್ಕು ಜನ ಬಂದು ಶಾಬಾಸ್ ಎಂದು ಹೋದರು. ಕಾಕು ಒಬ್ಬಳೇ ನಡುವೆ ನಿಂತು ಸುಳ್ಳಿ ನಾನೇ ಎಂದು ಹೇಳಿಕೊಂಡ ದಿನ ನಾನು ಆಕೆಯ ಪಕ್ಕಕ್ಕೆ ಎದ್ದು ಬಂದು ನಿಲ್ಲಬೇಕಿತ್ತು. ಹತ್ತು ಹೆಜ್ಜೆ ದೂರವಿತ್ತು ಅಷ್ಟೇ. ನಾನು ಕೂತೇ ಇದ್ದೆ.